ನೂರಕ್ಕೆ ನೂರು ಅಂದರೆ ಯಾವ ನೂರು? ಕರ್ನಾಟಕದ ಬಿಷಪರಿಗೂ ನಮ್ಮ ಶಾಲೆ ನಡೆಸುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಬಿಷಪರೇ, ಶಾಲೆ ನಡೆಸುವ ಸನ್ಯಾಸಿ ಸಭೆಗಳ ಮುಖ್ಯಸ್ಥರಾದ ವಂದನೀಯ ಪ್ರಾವಿನ್ಶಿಯಲ್‌ಗಳೇ,

ನಾನು ನಿವೃತ್ತ ಕನ್ನಡ ಟೀಚರ್. ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಸಿಸ್ಟರ್‌ಗಳು ನಡೆಸುವ ಅನುದಾನಿತ ಹೈಸ್ಕೂಲಿನಲ್ಲಿ 31 ವರ್ಷ ಪಾಠ ಮಾಡಿದೆ. ನಾನು ಓದಿದ್ದೂ ಸಿಸ್ಟರ್‌ಗಳ ಹತ್ತಿರವೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪತ್ರ ನಮ್ಮ ಕಥೋಲಿಕ ಶಾಲೆಗಳನ್ನು ಕಂಡರಾಗದವರು ಬರೆದದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ರಿಸಲ್ಟ್ ಬರಲಿ ಅಂತ ಓದಿನಲ್ಲಿ ಹಿಂದಿರುವ ಮಕ್ಕಳನ್ನು ಮೊದಲೇ ಟಿಸಿ ಕೊಟ್ಟು ಕಳಿಸುತ್ತೇವಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ.

ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಬ್ಬ ಸಿಸ್ಟರ್‌ಗೆ ವರ್ಗ ಆಗುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ನನಗೆ ಬೇಕಾದದ್ದು ಅದಲ್ಲ.

ಕೆಲವು ವರ್ಷಗಳ ಹಿಂದಿನ ಏಪ್ರಿಲ್. ಒಂಬತ್ತನೆಯವರಿಗೆ ರಿಸಲ್ಟ್ ಹೇಳುವ ದಿನ. ನಾನು 'ಬಿ' ಸೆಕ್ಷನ್ನಿನ ಕ್ಲಾಸ್ ಟೀಚರ್. ನನ್ನ ಕ್ಲಾಸಿನ ಒಬ್ಬ ಹುಡುಗನ ಅಮ್ಮನನ್ನು ಆಫೀಸಿಗೆ ಕರೆಸಿದ್ದರು. ಅಪ್ಪ ಬೋಟಿಗೆ ಹೋಗುವವರು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಜಾಸ್ತಿ. ಅಮ್ಮ ಬೀಡಿ ಕಟ್ಟುವವರು. ಬ್ರಾಂಚಿಗೆ ಕೊಡಲಿಕ್ಕಿದ್ದ ಬೀಡಿ ಚೀಲದಲ್ಲೇ ಇತ್ತು, ಆಫೀಸಿನ ತುಂಬ ಹೊಗೆಸೊಪ್ಪಿನ ವಾಸನೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. "ನೋಡಿ ಅಮ್ಮ, ಇವನಿಗೆ ಇಲ್ಲಿ ಆಗಲಿಕ್ಕಿಲ್ಲ. ಬೇರೆ ಶಾಲೆಗೆ ಹಾಕಿದ್ರೆ ಅವನಿಗೂ ಒಳ್ಳೇದು" ಅಂದರು.

ಆ ತಾಯಿ ಅಂದದ್ದು ಇಷ್ಟೇ: "ಫೇಲಾದ್ರೂ ಪರವಾಗಿಲ್ಲ ಸಿಸ್ಟರ್, ಇಲ್ಲೇ ಇರ್ಲಿ. ಇಲ್ಲಾದ್ರೆ ನೋಡುವವ್ರು ನೀವೆಲ್ಲ ಇದ್ದೀರಿ."

ಅರ್ಧ ಗಂಟೆಯ ನಂತರ ಟಿಸಿ ಸಿದ್ಧವಾಯಿತು. ಶಾಲೆ ಬಿಡಲು ಕಾರಣ ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ "ಪೋಷಕರ ಕೋರಿಕೆ" ಅಂತ ಬರೆಯಿತು ಶಾಲೆ. ಶಾಲೆ ಅಂದರೆ ನಾನೇ. ವಿವರ ತುಂಬಿಸಿ ಕೊಟ್ಟ ಕೈ ನನ್ನದು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಮರುವರ್ಷ ನಮ್ಮ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ 100 ಪರ್ಸೆಂಟ್ ಬಂತು. ಗೇಟಿಗೆ ದೊಡ್ಡ ಫ್ಲೆಕ್ಸ್ ಬಿತ್ತು. 12 ಮಕ್ಕಳ ಫೋಟೊ, ಪ್ರತಿಯೊಂದರ ಕೆಳಗೆ 625ಕ್ಕೆ ಎಷ್ಟು ಅಂತ ಅಂಕ. ಸಂಚಾಲಕ ಫಾದರ್ ಸಿಹಿ ಹಂಚಿದರು. ನಾನೂ ತಿಂದೆ. ಮನೆಗೆ ಬಂದು ಸುಮ್ನೆ ಒಂದು ಲೆಕ್ಕ ಹಾಕಿದೆ. ಅದೇ ಬ್ಯಾಚಿನಲ್ಲಿ ಎಂಟನೆಯ ತರಗತಿಗೆ ಸೇರಿದವರು 64. ಹತ್ತನೆಯ ಪರೀಕ್ಷೆ ಬರೆದವರು 57. ನಡುವೆ ಹೋದ ಏಳು ಜನರಲ್ಲಿ ಇಬ್ಬರು ಅಪ್ಪನ ಕೆಲಸದ ಊರಿಗೆ ಹೋದವರು. ಉಳಿದ ಐವರೂ "ಪೋಷಕರ ಕೋರಿಕೆ"ಯವರು.

ಹೋಗಲಿ, ಆ ಹುಡುಗ ದಡ್ಡನೇ? ಮೀನಿನ ಬಗ್ಗೆ, ಗಾಳಿಯ ಬಗ್ಗೆ ಮಾತಾಡಲು ಬಿಟ್ಟರೆ ಒಂದು ಪೀರಿಯಡ್ ಇಡೀ ಮಾತಾಡುತ್ತಿದ್ದ. ಬರೆಯಲು ಕೂತರೆ ಒತ್ತಕ್ಷರ ಮಾಯ, 'ಬ'ಕ್ಕೂ 'ಭ'ಕ್ಕೂ 'ಚ'ಕ್ಕೂ ಗಲಿಬಿಲಿ. ಬೋರ್ಡಿನಿಂದ ನಾಲ್ಕು ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಬೆಲ್ ಆಗುತ್ತಿತ್ತು. ಅವನ ಪ್ರಗತಿ ಪತ್ರದಲ್ಲಿ ನಾನು ಮೂರು ಸಲ ಬರೆದೆ: "ಗಮನ ಕೊಡುವುದಿಲ್ಲ." ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ನನ್ನ ಮೊಮ್ಮಗನಿಗೇ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಇದೆ ಅಂತ ಗೊತ್ತಾಯಿತು. ಅವನ ನೋಟ್ ಪುಸ್ತಕ ತೆರೆದು ನೋಡಿದರೆ ಅದೇ ಗಲಿಬಿಲಿ, ಅದೇ ಅರ್ಧ ಸಾಲುಗಳು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇದೆ. ಸರಿಯಾದ ಸರ್ಟಿಫಿಕೇಟ್ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಅಂಥ ಮಕ್ಕಳಿಗೆ ಜಾಸ್ತಿ ಸಮಯ ಸಿಗುತ್ತದೆ. ನಮ್ಮ ಸ್ಟಾಫ್‌ರೂಮಿನಲ್ಲಿ 14 ಜನ ಇದ್ದೆವು. ಒಬ್ಬರಿಗೂ ಇದು ಹೊಳೆಯಲಿಲ್ಲ. ನಮಗೆ ಗೊತ್ತಿದ್ದದ್ದು, ಪಾಸಾಗಲು ಬೇಕಾದಷ್ಟನ್ನೇ ಕಲಿಸುವ 'ಪಾಸಿಂಗ್ ಪ್ಯಾಕೇಜ್' ಒಂದೇ.

ಇನ್ನು ಕೌನ್ಸೆಲಿಂಗ್. ನಮ್ಮ ಶಾಲೆಯಲ್ಲಿ 'ಕೌನ್ಸೆಲಿಂಗ್ ರೂಮ್' ಅಂತ ಬೋರ್ಡ್ ಇರುವ ಕೋಣೆ ಇದೆ. ಬಾಗಿಲು ತೆರೆದರೆ ಮುರಿದ ಕೇರಂ ಬೋರ್ಡು, ಗಾಳಿ ಹೋದ ಚೆಂಡುಗಳು, ಕ್ರಿಸ್ಮಸ್ ಗೋದಲಿಯ ಸಾಮಾನು. ಕೀಲಿ ಪಿಟಿ ಮಾಸ್ಟರ್ ಹತ್ತಿರ. ಬಾಲಯೇಸು ಮಲಗಿರುವುದು ಅಲ್ಲೇ, ಮಕ್ಕಳಿಗೆ ಮಾತ್ರ ಜಾಗ ಇಲ್ಲ. ಮೌಲ್ಯ ಶಿಕ್ಷಣದ ಪೀರಿಯಡ್ ಟೈಮ್‌ಟೇಬಲ್ಲಿನಲ್ಲಿ ವಾರಕ್ಕೆ ಒಂದಿದೆ. ದಸರಾ ರಜೆ ಮುಗಿಯುತ್ತಿದ್ದ ಹಾಗೆ ಹತ್ತನೆಯವರ ಆ ಪೀರಿಯಡ್ಡನ್ನು ಗಣಿತ ತೆಗೆದುಕೊಳ್ಳುತ್ತದೆ.

ಇದೆಲ್ಲ ಒಬ್ಬ ಕೆಟ್ಟ ಹೆಡ್‌ಮಿಸ್ಟ್ರೆಸ್‌ನಿಂದ ಆದದ್ದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ನನ್ನ 31 ವರ್ಷದಲ್ಲಿ ಒಂಬತ್ತು ಜನ ಹೆಡ್‌ಗಳು ಬಂದು ಹೋದರು. ಸರಾಸರಿ ಮೂರೂವರೆ ವರ್ಷ ಕೂಡ ಆಗಲಿಲ್ಲ. ಒಬ್ಬರು ಶಾಲೆಯ ಮಕ್ಕಳ ಮುಖ ಗುರುತು ಹಿಡಿಯುವಷ್ಟರಲ್ಲಿ ಮೇ ತಿಂಗಳ ವರ್ಗಾವಣೆ ಪತ್ರ ಬರುತ್ತದೆ. ಸನ್ಯಾಸದ ಬದುಕಿನಲ್ಲಿ ವಿಧೇಯತೆಯ ವ್ರತ ಇದೆ, ಒಪ್ಪುತ್ತೇನೆ. ವ್ರತ ತೊಟ್ಟವರು ಸಿಸ್ಟರ್. ಅದರ ಬೆಲೆ ಕೊಡುವವರು ಮಕ್ಕಳು.

ಆ ಒಂಬತ್ತರಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ನಾನು ಸೇರಿದ ಹೊಸದರಲ್ಲಿ ಇದ್ದವರು. ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿ ನಿಲ್ಲುತ್ತಿದ್ದರು. ಬರುವ ಮಕ್ಕಳನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು, "ಚಾ ಕುಡ್ದಿಯಾ?" ಉತ್ತರಕ್ಕಿಂತ ಜಾಸ್ತಿ ಮುಖ ನೋಡುತ್ತಿದ್ದರು. ಮೂರು ದಿನ ಬಾರದ ಮಗುವಿನ ಮನೆಗೆ ಕೊಡೆ ಹಿಡಿದು ನಡೆದೇ ಹೋಗುತ್ತಿದ್ದರು. ಮಳೆಗಾಲದಲ್ಲಿ ಒಂದು ಸಲ ನನ್ನನ್ನೂ ಎಳೆದುಕೊಂಡು ಹೋಗಿದ್ದರು, ಗದ್ದೆಯ ಹುಣಿಯಲ್ಲಿ ಜಾರಿ ಬಿದ್ದದ್ದು ನಾನು. ಬೆತ್ತ ಅವರ ಹತ್ತಿರವೂ ಇತ್ತು, ಸುಳ್ಳು ಹೇಳಲಾರೆ, ಬಳಸಿದ್ದೂ ಇದೆ. ಅವರ ಕಾಲದಲ್ಲಿ ನಮ್ಮ ರಿಸಲ್ಟ್ ಎಂದೂ ನೂರು ಮುಟ್ಟಲಿಲ್ಲ. ಆದರೆ ಯಾರನ್ನೂ ಟಿಸಿ ಕೊಟ್ಟು ಕಳಿಸಿದ್ದು ನನಗೆ ನೆನಪಿಲ್ಲ. ಮೂರು ವರ್ಷಕ್ಕೆ ಅವರಿಗೆ ಘಟ್ಟದ ಮೇಲಿನ ಒಂದು ಕಾನ್ವೆಂಟಿಗೆ ವರ್ಗ ಆಯಿತು. ಅಲ್ಲಿ ಅವರಿಗೆ ಕೊಟ್ಟದ್ದು ಹಾಸ್ಟೆಲಿನ ಅಡುಗೆ ವಿಭಾಗ. ಇಂಥ ಹೆಡ್ ಇನ್ನೊಬ್ಬರು ಸಿಗಲು ನಾವು ಎಷ್ಟು ವರ್ಷ ಕಾಯಬೇಕು ಅಂತ ಯಾರಾದರೂ ಯೋಚಿಸಿದ್ದರೇ?

ಟಿಸಿ ಕೊಟ್ಟ ಸಿಸ್ಟರ್ ವಿಷಯಕ್ಕೆ ಮತ್ತೆ ಬರುತ್ತೇನೆ. ಅವರು ಶಾಲೆಯ ಹೆಡ್, ಕಾನ್ವೆಂಟಿನ ಸುಪೀರಿಯರ್, ಹೊಸ ಕಟ್ಟಡದ ಲೆಕ್ಕ ನೋಡುವವರು, ಹಾಸ್ಟೆಲಿನ ಜವಾಬ್ದಾರಿಯೂ ಅವರದೇ. ಹೆಡ್ ಆಗುವ ಹಿಂದಿನ ದಿನದವರೆಗೆ ಅವರು ವಿಜ್ಞಾನದ ಟೀಚರ್. ಬಿ.ಎಡ್ ಮಾಡಿದ್ದರು, ಪಾಠ ಚೆನ್ನಾಗಿ ಮಾಡುತ್ತಿದ್ದರು. ಅತ್ತುಕೊಂಡು ಬರುವ ತಾಯಿಯ ಜೊತೆ ಏನು ಮಾತಾಡಬೇಕು, ಸ್ಟಾಫ್‌ರೂಮಿನ ಜಗಳ ಹೇಗೆ ಬಿಡಿಸಬೇಕು, ಕೈ ಕೊಯ್ದುಕೊಂಡು ಬಂದ ಹುಡುಗಿಯನ್ನು ಯಾರ ಹತ್ತಿರ ಕಳಿಸಬೇಕು, ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನನ್ನ ಬೀಳ್ಕೊಡುಗೆಯ ದಿನ ಅವರೂ ಬಂದಿದ್ದರು. ಕಾರಿಡಾರಿನಲ್ಲಿ ನಿಂತು ಆ ಹುಡುಗನ ವಿಷಯ ಅವರೇ ತೆಗೆದರು. "ಟೀಚರ್, ಮೀಟಿಂಗಿಗೆ ಹೋದ್ರೆ ನನ್ನ ಹತ್ರ ಒಂದೇ ಕೇಳುದು, ರಿಸಲ್ಟ್ ಎಷ್ಟು ಅಂತ. ಎಷ್ಟು ಮಕ್ಕಳು ಹೋದ್ರು ಅಂತ ಯಾರೂ ಕೇಳ್ಲಿಲ್ಲ."

ಈ ಪತ್ರ ಬರೆಯಲು ಕೂತದ್ದು ಅವರ ಆ ಮಾತಿನಿಂದ. ಕೇಳದೆ ಇದ್ದವರು ನೀವು. ಕ್ಷಮಿಸಿ, ಬೇರೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ.

ನಮ್ಮ ಜಿಲ್ಲೆಗಳ ಹುಚ್ಚು ನಿಮಗೆ ಗೊತ್ತಿದ್ದದ್ದೇ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. ಹಿಂದಿನ ವರ್ಷ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಈ ಓಟದಲ್ಲಿ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ತಮ್ಮ ಕೆಳಗಿನ ಅಧಿಕಾರಿ ಬಿಇಒರನ್ನು ಕೇಳುತ್ತಾರೆ, ಬಿಇಒ ಹೆಡ್‌ಮಾಸ್ಟರನ್ನು ಕೇಳುತ್ತಾರೆ. ಸರ್ಕಾರ ಪರ್ಸೆಂಟೇಜ್ ಕೇಳಲಿ, ಅದರ ಕೆಲಸ ಅದು. ನೀವೂ ಅದನ್ನೇ ಕೇಳಿದರೆ ನಮ್ಮ ಶಾಲೆಗೆ ಸಂತರ ಹೆಸರು ಯಾಕೆ?

ಶಾಲೆ ಶುರುವಾದ ಕಥೆಯನ್ನು ನೀವೇ ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಹೇಳುತ್ತೀರಿ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿಗೆ ಬಂದಿಳಿದರು. ಹುಡುಗಿಯರಿಗೆ ಓದು ಯಾಕೆ ಅಂತ ಮನೆಯವರು ಕೇಳುತ್ತಿದ್ದ ಕಾಲ ಅದು. 1880ರಲ್ಲಿ ಜೆಸ್ವಿತರು ಸಂತ ಅಲೋಶಿಯಸ್ ಕಾಲೇಜು ತೆರೆದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂತು. ಬೇರೆ ಯಾರೂ ಸೇರಿಸಿಕೊಳ್ಳದವರಿಗೆ ಬೆಂಚು ಹಾಕಿಕೊಟ್ಟದ್ದರಿಂದ ನಮ್ಮ ಶಾಲೆಗಳಿಗೆ ಹೆಸರು ಬಂತು. ನನ್ನ ಅಜ್ಜಿಗೆ ಸಹಿ ಹಾಕಲು ಬರುತ್ತಿದ್ದದ್ದು ಒಬ್ಬ ಸಿಸ್ಟರ್‌ನಿಂದ. 1965ರಲ್ಲಿ ಲೋಕದ ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗ್ಗೆ ಕೊಟ್ಟ ಘೋಷಣೆಯಲ್ಲಿ ಬಡವರ ಮಕ್ಕಳನ್ನು, ಮನೆಯ ಆಸರೆ, ಪ್ರೀತಿ ಸಿಗದ ಮಕ್ಕಳನ್ನು, ಬೇರೆ ಧರ್ಮದವರನ್ನು ವಿಶೇಷವಾಗಿ ನೋಡಿಕೊಳ್ಳಿ ಅಂತ ಇದೆ. ಬೀಡಿ ಕಟ್ಟುವ ಆ ತಾಯಿ ಕ್ರೈಸ್ತರಲ್ಲ. "ನೋಡುವವ್ರು ನೀವೆಲ್ಲ ಇದ್ದೀರಿ" ಅಂದದ್ದು ಆ ಘೋಷಣೆ ಓದಿ ಅಲ್ಲ, ನಿಮ್ಮ ಹಿಂದಿನವರನ್ನು ಕಂಡು.

ನೂರು ಕುರಿಗಳಲ್ಲಿ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿ, ಯೇಸು ಹೇಳಿದ ಆ ಕಥೆ, ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿ ಒಂದನ್ನು ಬಿಟ್ಟು ಉಳಿದದ್ದನ್ನು ನೂರು ಅಂತ ಎಣಿಸುತ್ತಿದ್ದೇವೆ.

ಕಾನೂನಿನ ಮಾತೂ ಸ್ವಲ್ಪ ಆಗಲಿ. ಸಂವಿಧಾನದ 30ನೆಯ ವಿಧಿ ನಮಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕು ನನಗೂ ಪ್ರಿಯವಾದದ್ದು. ಆದರೆ ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ ಹೇಳಿದೆ. ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯವರೆಗಿನ ಮಗುವನ್ನು ಶಾಲೆಯಿಂದ ಹೊರಹಾಕಬಾರದು, ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಅನ್ನುತ್ತದೆ. 2014ರ ತೀರ್ಪಿನಲ್ಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಆ ತೀರ್ಪು ಸರಿಯೇ ಅಂತ 2025ರಲ್ಲಿ ಕೋರ್ಟೇ ಮತ್ತೆ ಪ್ರಶ್ನೆ ಎತ್ತಿ ದೊಡ್ಡ ಪೀಠಕ್ಕೆ ಕಳಿಸುವ ಮಾತಾಡಿದೆ. ವಿನಾಯಿತಿ ಉಳಿಯಲಿ ಅಂತ ನೀವು ವಕೀಲರನ್ನು ಇಡುತ್ತೀರಿ, ಇಡಿ. ಆದರೆ ಒಂಬತ್ತನೆಯ ಕ್ಲಾಸಿನ ಮಗುವಿಗೆ ಈ ಕಾಯ್ದೆಯ ಕೊಡೆ ಹೇಗೂ ಇಲ್ಲ. ಕಾನೂನು ಕೈ ಬಿಟ್ಟ ಜಾಗದಲ್ಲೇ ನಾವು ಆ ಹುಡುಗನ ಕೈ ಬಿಟ್ಟೆವು.

2025ರ ಜುಲೈ 25ರಂದು ಬಂದ ಇನ್ನೊಂದು ತೀರ್ಪನ್ನು ನಿಮ್ಮ ಪ್ರತಿ ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲೆ ಇಡಬೇಕು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಕೇಸು ಅದು. ಸುಪ್ರೀಂ ಕೋರ್ಟ್ 15 ಸೂಚನೆ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ತರಬೇತಾದ ಒಬ್ಬ ಕೌನ್ಸೆಲರ್ ಆದರೂ ಇರಬೇಕು. ಸಣ್ಣ ಶಾಲೆಯಾದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಅವಮಾನ ಮಾಡುವುದು, ಇದನ್ನೆಲ್ಲ ಬಿಡಬೇಕು. ಕೋಚಿಂಗ್ ಸೆಂಟರಿಗೆ ಮಾತ್ರ ಹೇಳಿದ್ದಲ್ಲ, ಶಾಲೆಗಳಿಗೂ ಹೇಳಿದೆ. ನಮ್ಮಲ್ಲಿ 'ಎ' ಸೆಕ್ಷನ್ ಅಂದರೆ ಏನು, 'ಸಿ' ಸೆಕ್ಷನ್ ಅಂದರೆ ಏನು ಅಂತ ಐದನೆಯ ಕ್ಲಾಸಿನ ಮಗುವಿಗೂ ಗೊತ್ತು.

2024ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದೇಶದ ಕಥೋಲಿಕ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಅಂತ ಅದರಲ್ಲಿತ್ತು. ಒಳ್ಳೆಯ ಮಾತು, ಓದಿಸಿದ್ದೂ ಆಯಿತು. ನನಗೆ ಅನಿಸಿದ್ದು ಒಂದೇ, ಆ ಸಾಲಿನಲ್ಲಿ ನಿಂತು ಪೀಠಿಕೆ ಓದಬೇಕಾದ ಕೆಲವರು ಅಷ್ಟರಲ್ಲಿ ಸಾಲಿನಲ್ಲೇ ಇರಲಿಲ್ಲ.

ಈಗ ನನ್ನ ಬೇಡಿಕೆ. ಮೊದಲನೆಯದು ಖರ್ಚೇ ಇಲ್ಲದ್ದು. ಪ್ರತಿ ಶಾಲೆಯಿಂದ ಜೂನ್ ತಿಂಗಳಲ್ಲಿ ಎರಡು ಸಂಖ್ಯೆ ತರಿಸಿಕೊಳ್ಳಿ: ಎಂಟನೆಗೆ ಸೇರಿದವರು ಎಷ್ಟು, ಅದೇ ಬ್ಯಾಚಿನಲ್ಲಿ ಹತ್ತರ ಪರೀಕ್ಷೆ ಬರೆದವರು ಎಷ್ಟು. ನಡುವೆ ಹೋದ ಪ್ರತಿ ಮಗುವಿನ ಮನೆಗೆ, ಶಾಲೆಗೆ ಸಂಬಂಧವಿಲ್ಲದ ಒಬ್ಬರು ಫೋನ್ ಮಾಡಿ ಯಾಕೆ ಬಿಟ್ಟಿರಿ ಅಂತ ಕೇಳಲಿ. ಈ ಎರಡು ಸಂಖ್ಯೆ ನೀವು ಕೇಳುತ್ತೀರಿ ಅಂತ ಗೊತ್ತಾದ ದಿನವೇ ನಮ್ಮ ಆಫೀಸುಗಳಲ್ಲಿ ಟಿಸಿ ಪುಸ್ತಕ ನಿಧಾನ ಆಗುತ್ತದೆ. ಉಳಿದ ಎಲ್ಲ ಬೇಡಿಕೆ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಹೆಡ್ ಆಗುವವರನ್ನು ಒಂದು ವರ್ಷ ಮೊದಲೇ ಆರಿಸಿ. ಒಳ್ಳೆಯ ಹೆಡ್ ಇರುವ ಶಾಲೆಯಲ್ಲಿ ಅವರ ಜೊತೆ ಇರಿಸಿ, ಕಲಿಯಲಿ. ನಂತರ ಆರು ವರ್ಷವಾದರೂ ಕದಲಿಸಬೇಡಿ. ಕಾನ್ವೆಂಟಿನ ಲೆಕ್ಕ, ಕಟ್ಟಡದ ಸಿಮೆಂಟು ಬೇರೆಯವರು ನೋಡಲಿ. ಸಿಸ್ಟರೇ ಆಗಬೇಕು, ಫಾದರೇ ಆಗಬೇಕು ಅಂತಲೂ ಇಲ್ಲ. 25 ವರ್ಷ ಅದೇ ಶಾಲೆಯಲ್ಲಿ ದುಡಿದ ಟೀಚರ್‌ಗಳಲ್ಲಿ ಹೆಡ್ ಆಗಲು ಯೋಗ್ಯರಾದವರು ಇದ್ದಾರೆ. (ನಾನು ನಿವೃತ್ತಳಾಗಿದ್ದೇನೆ, ನನಗಾಗಿ ಕೇಳುತ್ತಿಲ್ಲ!)

ಕೌನ್ಸೆಲರ್‌ಗೆ ದುಡ್ಡೆಲ್ಲಿ ಅಂತ ಕೇಳಬಹುದು. ಸಣ್ಣ ಕನ್ನಡ ಶಾಲೆಗಳ ಕಷ್ಟ ನನಗೆ ಗೊತ್ತು. ನಿವೃತ್ತರಾದವರ ಜಾಗ ಖಾಲಿ, ಮ್ಯಾನೇಜ್‌ಮೆಂಟ್ ಕೊಡುವ ಒಂಬತ್ತು ಸಾವಿರಕ್ಕೆ ದುಡಿಯುವ ಹುಡುಗಿಯರಿಂದ ಶಾಲೆ ನಡೆಯುತ್ತಿದೆ. ಅವರ ಮನಸ್ಸಿನ ನೆಮ್ಮದಿಯ ಬಗ್ಗೆ ಬರೆಯಲು ಇನ್ನೊಂದು ಪತ್ರ ಬೇಕು. ಆದರೆ ನಾಲ್ಕೈದು ಶಾಲೆ ಸೇರಿ ಒಬ್ಬ ಕೌನ್ಸೆಲರನ್ನು ಇಟ್ಟುಕೊಳ್ಳಬಹುದಲ್ವಾ? ಪೇಟೆಯ ದೊಡ್ಡ ಇಂಗ್ಲಿಷ್ ಮೀಡಿಯಂ ಶಾಲೆ ಹಳ್ಳಿಯ ಮೂರು ಶಾಲೆಗಳ ಖರ್ಚು ಹೊರಬಹುದಲ್ವಾ? ಎರಡೂ ನಿಮ್ಮವೇ. ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಮಕ್ಕಳ ಸಹಾಯವಾಣಿ 1098, ಇವೆರಡನ್ನು ಟಾಯ್ಲೆಟಿನ ಬಾಗಿಲಿನ ಒಳಬದಿಗೆ ಬರೆಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಅಂಥ ನಂಬರನ್ನು ಯಾವ ಮಗುವೂ ಬರೆದುಕೊಳ್ಳುವುದಿಲ್ಲ.

ಲೈಂಗಿಕ ಕಿರುಕುಳದ ದೂರು ಬಂದರೆ ಮೊದಲು ಪ್ರಾವಿನ್ಶಿಯಲ್‌ಗೆ, ಆಮೇಲೆ ಫಾದರ್‌ಗೆ, ಆಮೇಲೆ ವಕೀಲರಿಗೆ ಅನ್ನುವ ಕ್ರಮ ಇನ್ನೂ ಕೆಲವು ಕಡೆ ಇದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಜೈಲು ಶಿಕ್ಷೆ ಇದೆ. ಇದನ್ನು ಲಿಖಿತ ಸುತ್ತೋಲೆಯಲ್ಲಿ, ಕನ್ನಡದಲ್ಲಿ ಕಳಿಸಿ.

ಫ್ಲೆಕ್ಸ್ ಇಳಿಸಿ. ಒಂದು ಸುತ್ತೋಲೆ ಸಾಕು.

ಇಷ್ಟು ಶಾಲೆಗಳು ಒಂದೇ ಮಾತಿಗೆ ಕೇಳುತ್ತವೆಯೇ ಅಂತ ಯಾರಾದರೂ ಅಂದರೆ, 2008ರ ಆಗಸ್ಟ್ 29 ನೆನಪಿಸಿ. ಒಡಿಶಾದ ಕಂಧಮಾಲಿನಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆಯನ್ನು ಖಂಡಿಸಿ ಆ ದಿನ ದೇಶದ ಉದ್ದಗಲಕ್ಕೂ ನಮ್ಮ ಶಾಲೆಗಳು ಬಾಗಿಲು ಹಾಕಿದವು. ನಾನೂ ಕಪ್ಪು ಪಟ್ಟಿ ಕಟ್ಟಿದ್ದೆ. ನಮಗೆ ನೋವಾದಾಗ ಒಂದು ಕರೆಗೆ ಇಷ್ಟು ಶಾಲೆ ಒಂದಾಗಬಲ್ಲವು. ನಾವೇ ನೋವು ಕೊಟ್ಟ ಮಕ್ಕಳಿಗಾಗಿ ಅಂಥ ಒಂದು ಕರೆ ಬರಲಿ ಅಂತ ಕೇಳುತ್ತಿದ್ದೇನೆ.

ಆ ಹುಡುಗನನ್ನು ಆಮೇಲೆ ಒಂದು ಸಲ ನೋಡಿದೆ. ದಕ್ಕೆಯಲ್ಲಿ ಐಸ್ ಹೊರುತ್ತಿದ್ದ. ಟಿಸಿ ತೆಗೆದುಕೊಂಡು ಹೋದವನು ಬೇರೆ ಶಾಲೆಗೆ ಸೇರಲೇ ಇಲ್ಲವಂತೆ. "ಟೀಚರ್" ಅಂತ ಅವನೇ ಕರೆದ. ಬಂಗುಡೆ ತೆಗೆದುಕೊಳ್ಳಲು ಹೋಗಿದ್ದೆ. ಮಾರುವವರ ಹತ್ತಿರ ನನಗಾಗಿ ಚೌಕಾಶಿ ಮಾಡಿ, ಎರಡು ಜಾಸ್ತಿ ಹಾಕಿಸಿಕೊಟ್ಟ.

ನನ್ನ ಸರ್ವಿಸಿನಲ್ಲಿ ಹೀಗೆ ನಾನೇ ವಿವರ ತುಂಬಿಸಿ ಕೊಟ್ಟ ಟಿಸಿಗಳು 14. ಹೆಸರು, ಹುಟ್ಟಿದ ದಿನ, ಬಿಟ್ಟ ತಾರೀಕು, ಎಲ್ಲ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಪತ್ರಿಕೆಯವರಿಗೆ ಕೊಡುವುದಿಲ್ಲ. ನಿಮ್ಮಲ್ಲಿ ಯಾರಾದರೂ ಕರೆದರೆ ಡೈರಿ ಹಿಡಿದುಕೊಂಡು ಬರುತ್ತೇನೆ. ಹೊಸ ವರ್ಗಾವಣೆ ಪಟ್ಟಿ ಮೇ ತಿಂಗಳಲ್ಲಿ ಬರುತ್ತದೆ, ಅದಕ್ಕೂ ಮೊದಲು ಕರೆದರೆ ಒಳ್ಳೆಯದು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಟೀಚರ್